ಮನೆ ಬದಲಾದಾಗ ಮಗುವಿಗೆ ಯಾವ ಮಾಯದ ಕಥೆ ಕೊಡಬೇಕು?

ಮುಂಬಯಿ ಹತ್ತಿರದ ಡೊಂಬಿವಲಿ ಸ್ಟೇಷನ್ನಿನಲ್ಲಿ ಸ್ಲೋ ಲೋಕಲ್ ಟ್ರೇನಿಗೆ ಕಾಯುತ್ತಿದ್ದೆವು. ನನ್ನ ತಂಗಿಯ ಮಗಳಿಗೆ ಆಗ 7 ವರ್ಷ. ಟ್ರೇನಿನ ಸಮಯ ತೋರಿಸುವ ಇಂಡಿಕೇಟರನ್ನು ಕಣ್ಣು ಮಿಟುಕಿಸದೆ ನೋಡುತ್ತಾ ನಿಂತಿದ್ದಳು. ಟ್ರೇನು ಬಂದ ಕೂಡಲೇ ನನ್ನ ಕೈ ಜಗ್ಗಿ, "ದೊಡ್ಡಮ್ಮ, ನಾನು ಕರೆದೆ, ಅದಕ್ಕೇ ಬಂತು" ಅಂದಳು. ಆಮೇಲೆ ಲಿಫ್ಟು ಅವಳು ಹೇಳಿದಾಗ ನಿಲ್ಲತೊಡಗಿತು. ಹೋದ ಕರೆಂಟು ಅವಳು ಹತ್ತು ಎಣಿಸಿದರೆ ಬರುತ್ತಿತ್ತು. ನಮಗೆಲ್ಲ ಖುಷಿಯೇ ಆಯಿತು. ತಂಗಿ ಗಂಡನಿಂದ ಬೇರೆಯಾಗಿ ಥಾಣೆಯಿಂದ ನಮ್ಮ ಮನೆಗೆ ಬಂದು ಒಂದು ತಿಂಗಳಾಗಿತ್ತು. ಅಷ್ಟು ದಿನ ಮಗು ಬಾಯಿ ಬಿಟ್ಟಿದ್ದೇ ಕಡಿಮೆ.

ಒಂದು ರಾತ್ರಿ ಲೈಟು ಆರಿಸಿದ ಮೇಲೆ ಅವಳೇ ಹೇಳಿದಳು. "ಅಪ್ಪ ಜೋರಾಗಿ ಕಿರುಚಿದ ದಿನ, ಇವರು ಇರೋದೇ ಬೇಡ ಅಂದ್ಕೊಂಡೆ. ಅದಕ್ಕೇ ನಾವೆಲ್ಲ ಬೇರೆ ಆದ್ವಿ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಟ್ರೇನು ತರಿಸುವ ಶಕ್ತಿ ಇದೆ ಎಂದು ನಂಬಿದ ಮಗು, ಅಪ್ಪನನ್ನು ಕಳೆದುಕೊಂಡದ್ದೂ ಅದೇ ಶಕ್ತಿಯಿಂದ ಎಂದು ನಂಬಿತ್ತು. ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ, ಸುಮಾರು 2ರಿಂದ 7 ವರ್ಷದ ಮಕ್ಕಳು ಯೋಚಿಸುವ ರೀತಿಯನ್ನು ವಿವರಿಸುವಾಗ ಇಂಥದ್ದನ್ನೇ ಹೇಳಿದ್ದಾರೆ. ತಾನು ಅಂದುಕೊಂಡದ್ದಕ್ಕೂ ಹೊರಗೆ ನಡೆದದ್ದಕ್ಕೂ ಮಗು ಗಂಟು ಹಾಕಿಬಿಡುತ್ತದೆ. ಅಪ್ಪ ಅಮ್ಮ ಬೇರೆಯಾದಾಗ, ಮನೆಯಲ್ಲಿ ಯಾರಾದರೂ ತೀರಿಕೊಂಡಾಗ, ಈ ಗಂಟು ತಪ್ಪಿನ ಭಾರವಾಗುತ್ತದೆ. ದೊಡ್ಡ ಮಕ್ಕಳಲ್ಲೂ ಇದು ಪೂರ್ತಿ ಹೋಗಿರುವುದಿಲ್ಲ.

ಆಗಿನಿಂದ ನಾನು ಮಾಯಾಶಕ್ತಿ ಇರುವ ಮಕ್ಕಳ ಕಥೆಗಳನ್ನು ಹುಡುಕಿ ಹುಡುಕಿ ಓದಿದೆ. ಮಗು ಶಾಲೆಯಲ್ಲಿ ಇಂಗ್ಲಿಷ್ ಓದುತ್ತದೆ, ಗೆಳತಿಯರ ಜೊತೆ ಮರಾಠಿ, ಮನೆಯಲ್ಲಿ ಕನ್ನಡ. ಹಾಗಾಗಿ ಇಂಗ್ಲಿಷ್ ಪುಸ್ತಕವನ್ನು ನಾನು ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದೆ. ನೆಂಟರಲ್ಲಿ, ನಮ್ಮ ಸೊಸೈಟಿಯ ಕನ್ನಡದವರಲ್ಲಿ, ಮನೆ ಬದಲಾದ ಮಕ್ಕಳು ಬೇರೆಯೂ ಇದ್ದಾರೆ. ಯಾವ ಕಥೆ ಕೊಡಲಿ ಅಂತ ಅವರ ಅಮ್ಮಂದಿರು ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪುಸ್ತಕ ಕೈಗೆ ಸಿಕ್ಕಿದಾಗ ನಾನು ಮೊದಲು ನೋಡುವುದು ಕೊನೆಯ ಅಧ್ಯಾಯ. ಮಾಯದಿಂದ ಮನೆ ಮೊದಲಿದ್ದ ಹಾಗೇ ಆಗಿಬಿಡುತ್ತದೆಯೇ ಎಂದು ನೋಡುತ್ತೇನೆ. ಆಗುತ್ತದೆ ಎಂದಾದರೆ, ಈಗಷ್ಟೇ ಪೆಟ್ಟು ತಿಂದ ಮಗುವಿಗೆ ಅದು ಬೇಡ. ಕಥೆಯ ಹುಡುಗಿ ಮನೆ ಕೂಡಿಸಿದಳು, ನನ್ನಿಂದ ಆಗಲಿಲ್ಲ ಎಂದು ಅದು ಇನ್ನಷ್ಟು ಕುಗ್ಗುತ್ತದೆ. ಮನೆ ಬದಲಾದದ್ದು ಬದಲಾಗಿಯೇ ಉಳಿದು, ಅದರೊಳಗೆ ಮಗುವಿಗೊಂದು ಜಾಗ ಸಿಗುವ ಕಥೆ ನನಗೆ ಬೇಕು.

ಈ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಎಡ್ವರ್ಡ್ ಈಗರ್ ಬರೆದ 'ಹಾಫ್ ಮ್ಯಾಜಿಕ್'. 1954ರಲ್ಲಿ ಬಂದ ಅಮೆರಿಕದ ಪುಸ್ತಕ. ನಾಲ್ಕು ಮಕ್ಕಳು, ಅಪ್ಪ ತೀರಿಕೊಂಡಿದ್ದಾರೆ, ಅಮ್ಮ ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಮಕ್ಕಳಿಗೆ ಒಂದು ನಾಣ್ಯ ಸಿಗುತ್ತದೆ. ಅದನ್ನು ಹಿಡಿದು ಏನು ಬೇಡಿದರೂ ಅರ್ಧ ಮಾತ್ರ ನೆರವೇರುತ್ತದೆ. ಬೆಕ್ಕು ಮಾತಾಡಲಿ ಅಂದರೆ ಬೆಕ್ಕಿಗೆ ಅರ್ಧಂಬರ್ಧ ಮಾತು ಬರುತ್ತದೆ. ವಿಷಯ ಗೊತ್ತಿಲ್ಲದ ಅಮ್ಮ ಆ ನಾಣ್ಯ ಹಿಡಿದುಕೊಂಡು ಮನೆಗೆ ಹೋದರೆ ಸಾಕಪ್ಪ ಅಂದುಕೊಂಡಾಗ, ಅರ್ಧ ದಾರಿಯಲ್ಲಿ ಬಂದು ನಿಲ್ಲುತ್ತಾಳೆ. ಅಲ್ಲಿ ಅವಳನ್ನು ಕಾರಿನಲ್ಲಿ ಮನೆಗೆ ಬಿಡುವವನೇ ಮುಂದೆ ಮಕ್ಕಳಿಗೆ ಎರಡನೇ ಅಪ್ಪ ಆಗುತ್ತಾನೆ.

ಇದರಲ್ಲಿ ನನಗೆ ಬೆಲೆಬಾಳುವುದು ದೊಡ್ಡ ಮಗಳು ಜೇನ್. ಸತ್ತ ಅಪ್ಪನ ನೆನಪು ಜಾಸ್ತಿ ಇರುವುದು ಅವಳಿಗೇ. ಹೊಸಬರು ಬರುವುದು ಅವಳಿಗೆ ಇಷ್ಟವಿಲ್ಲ. ಸಿಟ್ಟಿನಲ್ಲಿ, ನಾನು ಬೇರೆ ಮನೆಯ ಮಗಳಾಗಿರಬೇಕಿತ್ತು ಅಂದುಬಿಡುತ್ತಾಳೆ. ಅರ್ಧ ಹಾಗೇ ಆಗಿಯೂ ಬಿಡುತ್ತದೆ. ಸಿಟ್ಟಿನಲ್ಲಿ ಅಂದುಕೊಂಡದ್ದು, ಅದರಿಂದ ಆದ ಹೆದರಿಕೆ, ಮತ್ತೆ ಮನೆಯವರು ಬಂದು ಕರೆದುಕೊಂಡು ಹೋಗುವುದು, ಎಲ್ಲ ಇದೆ. ಯಾರೂ ಅವಳನ್ನು ಕೆಟ್ಟವಳು ಅನ್ನುವುದಿಲ್ಲ. ಅಪ್ಪ ತಿರುಗಿ ಬರುವುದಿಲ್ಲ. ಬಂದವರು ಅಪ್ಪನ ಜಾಗ ಕಿತ್ತುಕೊಳ್ಳುವುದೂ ಇಲ್ಲ. ಅಮ್ಮ ಅಥವಾ ಅಪ್ಪ ಮತ್ತೆ ಮದುವೆಯಾಗುತ್ತಿರುವ ಮನೆಗೆ ಇದಕ್ಕಿಂತ ಒಳ್ಳೆಯ ಕಥೆ ನನಗೆ ಇನ್ನೂ ಸಿಕ್ಕಿಲ್ಲ. 8 ವರ್ಷದ ಮೇಲಿನ ಮಗು ಆರಾಮಾಗಿ ಕೇಳುತ್ತದೆ.

ಆಟಕ್ಕೂ ಒಳ್ಳೆಯದು. ದಾದರ್‌ನಲ್ಲಿ ಟ್ರೇನು ಹತ್ತಿದಾಗ ನಮ್ಮ ಪುಟ್ಟಿ "ಡೊಂಬಿವಲಿಗೆ ಹೋಗ್ಬೇಕು ಅಂದ್ರೆ ನಾಣ್ಯ ನಮ್ಮನ್ನ ಎಲ್ಲಿ ಇಳಿಸತ್ತೆ?" ಎಂದು ಸ್ಟೇಷನ್ನು ಎಣಿಸುತ್ತಾಳೆ. ಭಾಂಡುಪ್ ಅಥವಾ ಮುಲುಂಡ್ ಅಂತ ತೀರ್ಮಾನವಾಗುತ್ತದೆ. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರಾಗಿ ಅರ್ಧ ಕೂತಿದ್ದ ಒಬ್ಬ ಮರಾಠಿ ಅಜ್ಜಿಯೂ ಒಂದು ದಿನ ಈ ಲೆಕ್ಕಕ್ಕೆ ಸೇರಿಕೊಂಡರು. ಕೇಳಿದ್ದೆಲ್ಲ ಅರ್ಧ ಸಿಗುತ್ತದೆ ಅನ್ನುವುದು ಭಾನುವಾರ ಮಾತ್ರ ಅಪ್ಪ ಸಿಗುವ ಮಗುವಿಗೆ ತುಂಬ ಬೇಗ ಅರ್ಥವಾಗುತ್ತದೆ.

ಇನ್ನು ಎಲ್ಲರೂ ಮೊದಲು ಹೆಸರಿಸುವ ಪುಸ್ತಕ ರೋಲ್ಡ್ ಡಾಲ್ ಅವರ 'ಮಟಿಲ್ಡಾ'. 1988ರದ್ದು, ಕ್ವೆಂಟಿನ್ ಬ್ಲೇಕ್ ಚಿತ್ರಗಳಿವೆ. ಐದೂವರೆ ವರ್ಷದ ಹುಡುಗಿ ಕಣ್ಣಿನ ನೋಟದಿಂದಲೇ ಲೋಟ ಉರುಳಿಸುತ್ತಾಳೆ, ಬೋರ್ಡಿನ ಮೇಲೆ ಸೀಮೆಸುಣ್ಣ ಬರೆಯುವ ಹಾಗೆ ಮಾಡುತ್ತಾಳೆ. ಪುಸ್ತಕ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಅಪ್ಪ ಅಮ್ಮ ಬೇರೆಯಾದ ಮಗುವಿಗೆ ಇದನ್ನು ಸುಮ್ನೆ ಕೈಗೆ ಕೊಡಬೇಡಿ ಅನ್ನುತ್ತೇನೆ. ಮಟಿಲ್ಡಾಳ ಅಪ್ಪ ಅಮ್ಮ ಮಗಳನ್ನು ಕಣ್ಣೆತ್ತಿ ನೋಡದವರು. ಕೊನೆಯಲ್ಲಿ ಅವರು ಸ್ಪೇನಿಗೆ ಓಡಿಹೋಗುತ್ತಾರೆ, ಅವಳು ತನ್ನ ಟೀಚರ್ ಮಿಸ್ ಹನಿ ಜೊತೆ ಉಳಿಯುತ್ತಾಳೆ. ಬಿಟ್ಟುಹೋದವರು ಕೆಟ್ಟವರು, ಉಳಿಸಿಕೊಂಡವರು ಒಳ್ಳೆಯವರು ಎಂದು ಲೆಕ್ಕ ಸಲೀಸು. ನಮ್ಮ ಮಗುವಿಗೆ ಅಪ್ಪ ಇಷ್ಟ, ಅಮ್ಮನೂ ಇಷ್ಟ. ಈ ಲೆಕ್ಕ ಅವಳಿಗೆ ಹೊಂದಲಿಲ್ಲ. ಅರ್ಧದಲ್ಲಿ "ಅವಳ ಅಪ್ಪ ಒಂದ್ಸಲಾನೂ ಐಸ್‌ಕ್ರೀಂ ಕೊಡ್ಸಿಲ್ವಾ?" ಎಂದು ಕೇಳಿದಳು.

ಆದರೆ ಬೇರೆ ಥರದ ಮಕ್ಕಳಿದ್ದಾರೆ. ಮನೆತುಂಬ ಜನ ಇದ್ದರೂ ಮಾತು ಕೇಳಿಸಿಕೊಳ್ಳುವವರು ಯಾರೂ ಇಲ್ಲದವರು. ಅಮ್ಮ ಅಪ್ಪ ಇಬ್ಬರೂ ದುಡಿದು ರಾತ್ರಿ ಹತ್ತಕ್ಕೆ ಮನೆ ಸೇರುವವರು. ಅಪ್ಪ ಅಮ್ಮ ಇಲ್ಲದೆ ಅತ್ತೆ, ಮಾವ, ಅಜ್ಜಿಯ ಮನೆಯಲ್ಲಿ ಬೆಳೆಯುವವರು. ಅವರಿಗೆ ಇದೇ ಪುಸ್ತಕ ಕೊಡಿ. ಸಾಕಿದವರೂ ಮನೆಯವರೇ ಎಂದು ಇದು ಗಟ್ಟಿಯಾಗಿ ಹೇಳುತ್ತದೆ. ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಪುಸ್ತಕದಲ್ಲಿ, ಮೇಲಿನ ತರಗತಿಗೆ ಹೋಗಿ ಬುದ್ಧಿಗೆ ತಕ್ಕ ಕೆಲಸ ಸಿಕ್ಕ ಮೇಲೆ ಮಟಿಲ್ಡಾಳ ಶಕ್ತಿ ಹೋಗಿಬಿಡುತ್ತದೆ. ಅವಳು ಅದಕ್ಕೆ ಅಳುವುದಿಲ್ಲ, ಸಮಾಧಾನಪಡುತ್ತಾಳೆ. 1996ರ ಸಿನಿಮಾದಲ್ಲಿ ಶಕ್ತಿ ಅವಳ ಬಳಿಯೇ ಉಳಿಯುತ್ತದೆ. ಎರಡರಲ್ಲಿ ಒಂದು ಆರಿಸಬೇಕು ಅಂದರೆ ನಾನು ಪುಸ್ತಕವನ್ನೇ ಆರಿಸುತ್ತೇನೆ. ಮನೆಯನ್ನು ಕಾಯುವ ಕೆಲಸ ತನ್ನ ತಲೆಯ ಮೇಲಿಲ್ಲ ಎಂದು ಗೊತ್ತಾದಾಗ ಮಕ್ಕಳ ಟ್ರೇನು ಕರೆಯುವ ಆಟವೂ ತಾನಾಗಿ ಕಡಿಮೆಯಾಗುತ್ತದೆ. ನಮ್ಮ ಮನೆಯಲ್ಲಿ ಅದನ್ನು ಕಣ್ಣಾರೆ ಕಂಡೆ.

ಅಜ್ಜಿಯರಿಗೆ ಈ ಪುಸ್ತಕಗಳ ಗೊಡವೆ ಇಲ್ಲ. ಅವರು ಧ್ರುವನ ಕಥೆ ಹೇಳುತ್ತಾರೆ. ನನ್ನ ಅಮ್ಮನೂ ಅದನ್ನೇ ಹೇಳಲು ಕೂತರು. ಅಪ್ಪನ ತೊಡೆಯಿಂದ ಮಲತಾಯಿ ಸುರುಚಿ ಇಳಿಸಿದ ಐದು ವರ್ಷದ ಹುಡುಗ, ಕಾಡಿಗೆ ಹೋಗಿ ತಪಸ್ಸು ಮಾಡಿ ಆಕಾಶದಲ್ಲಿ ಕದಲದ ಜಾಗ ಪಡೆಯುತ್ತಾನೆ. ಮಗುವಿನ ಅವಮಾನವನ್ನು ಇಷ್ಟು ನೇರವಾಗಿ ಹೇಳುವ ಕಥೆ ಬೇರೆ ಎಲ್ಲಿದೆ? ಆದರೆ ಮನೆಗೆ ಈಗಷ್ಟೇ ಚಿಕ್ಕಮ್ಮ ಬಂದಿದ್ದರೆ ಈ ಕಥೆ ಬೇಡ. ಬಂದವಳ ಮುಖದಲ್ಲಿ ಮಗು ಸುರುಚಿಯನ್ನು ಹುಡುಕುತ್ತದೆ. ಪಾಪ, ಆಕೆ ಏನು ಮಾಡಿದರೂ ತಪ್ಪಾಗುತ್ತದೆ. ತಮ್ಮನೋ ತಂಗಿಯೋ ಹುಟ್ಟಿ ಅಮ್ಮನ ಮಡಿಲು ತಪ್ಪಿದ ಮಗುವಿಗಾದರೆ ಹೇಳಬಹುದು. ಹೇಳುವಾಗ ತಾಯಿ ಸುನೀತಿಯ ಮಾತನ್ನು ಬಿಡಬೇಡಿ. ಅಳುತ್ತಾ ಬಂದ ಮಗನಿಗೆ ಅವಳು ಮೊದಲು ಹೇಳುವುದು, ಮಗೂ, ಬೇರೆಯವರಿಗೆ ಕೆಟ್ಟದ್ದು ಬಯಸಬೇಡ ಎಂದು. ಭಾಗವತದ ನಾಲ್ಕನೇ ಸ್ಕಂಧದಲ್ಲಿ ಇದೆ. ನಮ್ಮ ಪುಟ್ಟಿಯ ವಿಷಯದಲ್ಲಿ ಮಾತ್ರ ನಾನು ಅಮ್ಮನಿಗೆ, ಈ ಮಾತು ಸದ್ಯಕ್ಕೆ ಬೇಡ ಅಂದೆ. ಒಮ್ಮೆ ಕೆಟ್ಟದ್ದು ಬಯಸಿದೆ ಎಂದು ಆಗಲೇ ಕೊರಗುತ್ತಿದ್ದ ಮಗು ಅದು. ಅಮ್ಮನಿಗೆ ಬೇಜಾರಾಯಿತು. ಆಮೇಲೆ ಅರ್ಥ ಮಾಡಿಕೊಂಡರು.

ಲವಕುಶರ ಬಗ್ಗೆಯೂ ಎಚ್ಚರ ಬೇಕು. ಮಳೆಗಾಲದಲ್ಲಿ ಊರಿನಿಂದ ಮುಂಬಯಿಗೆ ಯಕ್ಷಗಾನದ ಮೇಳಗಳು ಬರುತ್ತವೆ, ನಾವೂ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಅಪ್ಪನನ್ನೇ ಕಾಣದೆ ಬೆಳೆದ ಇಬ್ಬರು ಹುಡುಗರು ಕುದುರೆ ಕಟ್ಟಿಹಾಕಿ ದೊಡ್ಡ ಸೈನ್ಯವನ್ನು ಎದುರಿಸುವುದನ್ನು ನೋಡಿದರೆ ಯಾವ ಮಗುವೂ ಎದ್ದು ನಿಲ್ಲುತ್ತದೆ. ಆದರೆ ಕಥೆ ಮುಂದುವರಿದು ಸೀತೆ ಭೂಮಿಗೆ ಇಳಿಯುವ ತನಕ ಹೋದರೆ, ಅಪ್ಪ ಸಿಗಬೇಕಾದರೆ ಅಮ್ಮ ಹೋಗಬೇಕು ಎಂದು ಮಗು ತಿಳಿದುಕೊಳ್ಳಬಹುದು. ಯಾವ ಪ್ರಸಂಗ, ಎಲ್ಲಿಗೆ ಮುಗಿಸುತ್ತಾರೆ ಎಂದು ಮೊದಲೇ ಕೇಳಿಕೊಂಡು ಹೋಗಿ.

ನಮ್ಮದೇ ಆದ ಇನ್ನೊಂದು ಕಥೆ ಇದೆ. ನನಗೆ ಇದರ ಮೇಲೆ ವಿಶೇಷ ಪ್ರೀತಿ. ಹೂವಿನ ಮರವಾಗುವ ಹುಡುಗಿಯ ಕಥೆ. ಎ.ಕೆ. ರಾಮಾನುಜನ್ ಕನ್ನಡ ನಾಡಿನಲ್ಲಿ ಸಂಗ್ರಹಿಸಿ ಇಂಗ್ಲಿಷಿಗೆ ತಂದದ್ದು. ಅವರು 1993ರಲ್ಲಿ ತೀರಿಕೊಂಡರು, ಈ ಕಥೆಯ ಹೆಸರನ್ನೇ ಹೊತ್ತ ಜನಪದ ಕಥೆಗಳ ಸಂಕಲನ 1997ರಲ್ಲಿ ಬಂತು. ಅಮ್ಮ ಕೂಲಿನಾಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿರುತ್ತಾಳೆ. ಕಿರಿಯವಳಿಗೆ ತಾನು ಮರವಾಗಬಲ್ಲೆ ಎಂದು ಗೊತ್ತಾಗುತ್ತದೆ. ಅಕ್ಕ ಒಂದು ಬಿಂದಿಗೆ ನೀರು ಸುರಿದರೆ ಅವಳು ಮರ. ಹೂವು ಕೊಯ್ದ ಮೇಲೆ ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ನೀರಿಗೆ ಉಗುರು ತಾಗಬಾರದು, ಎಲೆ ಕೊಂಬೆ ಮುರಿಯಬಾರದು. ಹೂವು ಮಾರಿ ಬಂದ ದುಡ್ಡು ಅಮ್ಮನಿಗೆ. ಮುಂದೆ ಅವಳು ರಾಜನ ಮನೆಗೆ ಸೊಸೆಯಾಗಿ ಹೋಗುತ್ತಾಳೆ. ಅಲ್ಲಿ ನಾದಿನಿ ಮತ್ತು ಅವಳ ಗೆಳತಿಯರು ಆಟಕ್ಕೆ ಮರವಾಗಿಸಿ, ಕೊಂಬೆಗಳನ್ನು ಕಿತ್ತು, ಎರಡನೇ ಬಿಂದಿಗೆಯನ್ನು ಹೇಗೆಹೇಗೋ ಸುರಿದು ಬಿಟ್ಟುಹೋಗುತ್ತಾರೆ. ಕೈಕಾಲಿಲ್ಲದ ಮೈಯಾಗಿ ಅವಳು ಉಳಿಯುತ್ತಾಳೆ. ಕೊನೆಗೆ ಗಂಡ ಅವಳನ್ನು ಗುರುತು ಹಿಡಿದು, ಮತ್ತೆ ಮರ ಮಾಡಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಸರಿಪಡಿಸಿ ನೀರು ಸುರಿಯುತ್ತಾನೆ.

ಮನೆ ಒಡೆದಾಗ ಕೆಲವು ಮಕ್ಕಳು ತುಂಬ ಒಳ್ಳೆಯವರಾಗಿಬಿಡುತ್ತಾರೆ, ಗಮನಿಸಿದ್ದೀರಾ? ಹೇಳದೆ ಪಾತ್ರೆ ತೊಳೆಯುತ್ತಾರೆ. ಅಮ್ಮ ಅತ್ತರೆ ನೀರು ತಂದುಕೊಡುತ್ತಾರೆ. ಅಪ್ಪನ ಮಾತನ್ನು ಅಮ್ಮನಿಗೆ, ಅಮ್ಮನ ಮಾತನ್ನು ಅಪ್ಪನಿಗೆ ಮುಟ್ಟಿಸುತ್ತಾರೆ. ದೊಡ್ಡವರೆಲ್ಲ ಎಷ್ಟು ಜಾಣೆ ಅಂತ ಹೊಗಳುತ್ತಾರೆ. ಆ ಮಗು ಮನೆಯವರಿಗಾಗಿ ಮರವಾಗಿ ನಿಂತಿದೆ ಅಲ್ವಾ. ಮೆಲ್ಲಗೆ ಕೊಯ್ಯುವ ಅಕ್ಕ ಯಾರು, ಕೊಂಬೆ ಮುರಿಯುವವರು ಯಾರು, ಎರಡನೇ ಬಿಂದಿಗೆಯನ್ನು ಹೇಗೆಹೇಗೋ ಸುರಿದು ಹೋದವರು ಯಾರು ಎಂದು ಮಾತಾಡಲು ಈ ಕಥೆ ದಾರಿ ಮಾಡಿಕೊಡುತ್ತದೆ. ಗಾಯದ ವಿವರ ಕಠಿಣ. ಹಾಗಾಗಿ 10 ವರ್ಷ ಆಗಲಿ. ಪುಸ್ತಕ ಕೊಡುವುದಕ್ಕಿಂತ ಪಕ್ಕದಲ್ಲಿ ಕೂತು ಹೇಳುವುದು ಒಳ್ಳೆಯದು. ನಿಜ ಹೇಳಬೇಕೆಂದರೆ ಇದನ್ನು ಮಗುವಿಗಿಂತ ಮೊದಲು ನನ್ನ ತಂಗಿಗೆ ಹೇಳಿದೆ. ಕೇಳಿ ಮುಗಿದ ಮೇಲೆ ಎದ್ದುಹೋಗಿ ಮಗಳಿಗೆ ತಲೆ ಬಾಚಿದಳು.

ಊರು ಬಿಡುವ, ಹಾಸ್ಟೆಲ್ಲಿಗೆ ಹೋಗುವ, ಅಪ್ಪ ಗಲ್ಫಿಗೆ ಹೊರಟ ಮಕ್ಕಳಿಗೆ ಜಪಾನಿನ ಎಯ್ಕೊ ಕಡೊನೊ ಅವರ 'ಕಿಕಿ' ಸಾಕು. 1985ರ ಪುಸ್ತಕ, 1989ರಲ್ಲಿ ಹಯಾವೊ ಮಿಯಾಜಾಕಿ ಸಿನಿಮಾ ಮಾಡಿದರು. 13 ವರ್ಷದ ಮಾಟಗಾತಿ ಹುಡುಗಿ ಪೊರಕೆ ಮೇಲೆ ಕೂತು ಮನೆ ಬಿಟ್ಟು, ಗೊತ್ತಿಲ್ಲದ ಊರಿನಲ್ಲಿ ಸಾಮಾನು ತಲುಪಿಸುವ ಕೆಲಸ ಶುರುಮಾಡುತ್ತಾಳೆ. ಇಲ್ಲಿ ಮಾತ್ರ ನಾನು ಸಿನಿಮಾ ಕಡೆ. ಅದರಲ್ಲಿ ಒಂದು ಹಂತದಲ್ಲಿ ಅವಳಿಗೆ ಹಾರಲು ಬರುವುದೇ ನಿಂತುಹೋಗುತ್ತದೆ, ತನ್ನ ಕರಿಬೆಕ್ಕಿನ ಮಾತೂ ಅರ್ಥವಾಗುವುದಿಲ್ಲ. ಹೊಸ ಶಾಲೆಗೆ ಸೇರಿ, ಚೆನ್ನಾಗಿ ಬರುತ್ತಿದ್ದ ಲೆಕ್ಕವೂ ಮರೆತುಹೋದ ಮಗುವಿಗೆ ಇದನ್ನು ತೋರಿಸಿ.

ಕಾಯಿಲೆ ಬಂದ ಮನೆಯ ವಿಷಯ ಬೇರೆ. ಪರೇಲ್‌ನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆಂದು ಊರಿನಿಂದ ಬರುವವರು ನಮ್ಮಂಥವರ ಮನೆಯಲ್ಲಿ ಉಳಿಯುವುದು ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಅವರ ಜೊತೆ ಮಕ್ಕಳೂ ಬರುತ್ತಾರೆ. ಅಂಥ ಮಗುವಿಗೆ ಸಿ.ಎಸ್. ಲೂಯಿಸ್ ಅವರ 'ದಿ ಮೆಜಿಷಿಯನ್ಸ್ ನೆಫ್ಯೂ' ಕೊಡಲೇ ಎಂದು ಒಬ್ಬರು ಕೇಳಿದರು. 1955ರ ಪುಸ್ತಕ. ಅದರ ಹುಡುಗ ಡಿಗರಿಯ ಅಪ್ಪ ದೂರದ ಇಂಡಿಯಾದಲ್ಲಿದ್ದಾರೆ, ಅಮ್ಮ ಸಾಯುವ ಸ್ಥಿತಿಯಲ್ಲಿದ್ದಾಳೆ. ಬೇರೆ ಲೋಕದ ಸೇಬು ತಂದರೆ ಅಮ್ಮ ಬದುಕುತ್ತಾಳೆ ಎಂದು ಗೊತ್ತಿದ್ದೂ ಅವನು ಕದಿಯುವುದಿಲ್ಲ. ಕೊನೆಗೆ ಸೇಬು ಅವನಿಗೆ ಸಿಗುತ್ತದೆ, ಅಮ್ಮ ಗುಣವಾಗುತ್ತಾಳೆ. ಲೂಯಿಸ್ ಅವರ ತಾಯಿ 1908ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ 9 ವರ್ಷ. ಅದು ಗೊತ್ತಾದ ಮೇಲೆ ಆ ಸೇಬಿನ ಪುಟಗಳನ್ನು ಒಣ ಕಣ್ಣಿನಿಂದ ಓದಲು ನನಗೆ ಆಗುವುದಿಲ್ಲ. ಆದರೂ ಟ್ರೀಟ್‌ಮೆಂಟ್ ನಡೆಯುತ್ತಿರುವಾಗ ಬೇಡ ಅಂದೆ. ಸೇಬು ಹುಡುಕುವ ಕೆಲಸ ಯಾವ ಮಗುವಿನ ಪಾಲಿಗೂ ಬರಬಾರದು. ಅಮ್ಮ ಹುಷಾರಾಗಿ ಮನೆಗೆ ಬಂದ ಮೇಲೆ ಓದಲಿ. ಅಥವಾ ವರ್ಷಗಳು ಕಳೆದು ದೊಡ್ಡವರಾದ ಮೇಲೆ.

ಕಥೆ ಅಂದರೆ ಎದ್ದುಹೋಗುವ ಮಕ್ಕಳೂ ಇರುತ್ತಾರೆ. ಹುಡುಗರಲ್ಲಿ ಜಾಸ್ತಿ ಕಂಡಿದ್ದೇನೆ. ಅವರಿಗೆ ನಾಣ್ಯ ಮಾಯ ಮಾಡುವ ಒಂದೇ ಒಂದು ಜಾದೂ ಕಲಿಸಿ. ಬಲಗೈಯಿಂದ ಎಡಗೈಗೆ ಕೊಟ್ಟ ಹಾಗೆ ಮಾಡಿ ಬಲಗೈಯಲ್ಲೇ ಉಳಿಸಿಕೊಳ್ಳುವುದು, ಅಷ್ಟೇ. ಕನ್ನಡಿ ಮುಂದೆ ದಿನವೂ ಮಾಡಿದರೆ ಕೈ ಪಳಗುತ್ತದೆ. ಸುತ್ತ ಎಲ್ಲ ಕೈತಪ್ಪಿ ಹೋದಾಗ ತನ್ನ ಕೈ ತನ್ನ ಮಾತು ಕೇಳುವುದು ದೊಡ್ಡ ಧೈರ್ಯ.

ಈ ಪುಸ್ತಕಗಳಲ್ಲಿ ಎರಡು ನನಗೆ ಸಿಕ್ಕಿದ್ದು ಮಾಟುಂಗಾದ ಕಿಂಗ್ಸ್ ಸರ್ಕಲ್ ಹತ್ತಿರದ ಫುಟ್‌ಪಾತಿನ ಹಳೇ ಪುಸ್ತಕದವರ ಬಳಿ. ಹೊಸದೇ ಬೇಕೆಂದಿಲ್ಲ. ಮಗುವನ್ನೂ ಕರೆದುಕೊಂಡು ಹೋಗಿ, ಆಮೇಲೆ ಪಕ್ಕದಲ್ಲೇ ಇಡ್ಲಿ ತಿನ್ನಿಸಿ. ಓದುವುದು ಯಾರ ಮನೆಯಲ್ಲಿ ಎಂದೂ ಯೋಚಿಸಿ. ಒಂದೇ ಪುಸ್ತಕ ಅಮ್ಮನ ಮನೆಗೂ ಅಪ್ಪನ ಮನೆಗೂ ಮಗುವಿನ ಬ್ಯಾಗಿನಲ್ಲಿ ಹೋಗಿಬಂದರೆ ಒಳ್ಳೆಯದು. ಪುಟ್ಟಿಯ ಅಪ್ಪನೂ ಎರಡು ಅಧ್ಯಾಯ ಓದಿದರು. ಅದಕ್ಕೆ ಅವರಿಗೆ ನಾನು ಕೃತಜ್ಞಳು.

ಇನ್ನೂ ಒಂದು ಮಾತು. ಮಗು ವಾರಗಟ್ಟಲೆ ನಿದ್ದೆ ಮಾಡದಿದ್ದರೆ, ಊಟ ಬಿಟ್ಟರೆ, ತಪ್ಪೆಲ್ಲ ನನ್ನದೇ ಅನ್ನುತ್ತಿದ್ದರೆ ಕಥೆಯನ್ನೇ ನೆಚ್ಚಿಕೊಂಡು ಕೂರಬೇಡಿ. ಶಾಲೆಯ ಕೌನ್ಸೆಲರ್ ಅಥವಾ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕರೆಗೆ ದುಡ್ಡಿಲ್ಲ. ನಾವೂ ಕೌನ್ಸೆಲರ್ ಬಳಿ ನಾಲ್ಕು ಸಲ ಹೋದೆವು. ಹೋಗಿದ್ದು ಒಳ್ಳೆಯದಾಯಿತು.

ಯಾವ ಕಥೆ ಹೇಳಿದರೂ ಮಗು ಒಂದು ದಿನ ಕೇಳಿಯೇ ಕೇಳುತ್ತದೆ, ಇದೆಲ್ಲ ನಿಜವಾ ಅಂತ. ಉತ್ತರ ಮೊದಲೇ ಯೋಚಿಸಿಟ್ಟುಕೊಳ್ಳಿ. ನಾನು ಹೇಳಿದ್ದು ಇಷ್ಟು: "ನೀನು ಅಂದ್ಕೊಂಡಿದ್ದಕ್ಕೆ ಅಪ್ಪ ಅಮ್ಮ ಬೇರೆ ಆಗ್ಲಿಲ್ಲ. ಅದು ನನಗೆ ಖಂಡಿತ ಗೊತ್ತು. ಅದು ದೊಡ್ಡವರ ವಿಷಯ, ದೊಡ್ಡವರೇ ಮಾಡಿದ್ದು." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಟ್ರೇನು?" ಅಂದಳು. "ಟ್ರೇನಿನ ವಿಷಯ ನೀನೇ ಹೇಳ್ಬೇಕು" ಅಂದೆ.

ಈಗ ಅವಳಿಗೆ 9 ವರ್ಷ. ಹೋದ ಭಾನುವಾರ ಅಪ್ಪನನ್ನು ನೋಡಲು ಥಾಣೆಗೆ ಹೊರಟಿದ್ದೆವು. ಪ್ಲಾಟ್‌ಫಾರ್ಮಿನಲ್ಲಿ ಅವಳು ವಡಾಪಾವ್ ತಿನ್ನುತ್ತಿದ್ದಳು. ಇಂಡಿಕೇಟರ್ ಕಡೆ ನೋಡಲೂ ಇಲ್ಲ. "ಇವತ್ತು ನೀನು ಕರಿ ದೊಡ್ಡಮ್ಮ, ನನ್ನ ಕೈ ಎಣ್ಣೆ ಆಗಿದೆ" ಅಂದಳು.